ಸರಿ ಬೆಸ

ಬಿಡುತ್ತೇನೆ ಎಂದು ಮೊದಲೇ ಹೇಳಬಾರದು. ಅದೇ ನಿಯಮ. ನಿಯಮ ಮಾಡಿದವನು ತಾನೇ ಆದ್ದರಿಂದ ಅವನು ಬಾಯಿ ಮುಚ್ಚಿಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟು, ಚಿಟಿಕೆ ಉಪ್ಪು ಕೇಳಲು ಬಂದವನ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಎದುರಿಗೆ ಹೆಂಡತಿ. ಅವಳು ಮರದ ಸ್ಕೇಲೊಂದರ ಮೇಲ್ತುದಿ ಹಿಡಿದು ತೂಗುಬಿಟ್ಟಿದ್ದಳು. ಕೆಳತುದಿ ಅವನ ಬೆರಳುಗಳ ನಡುವೆ. ಅವಳು ಬಿಟ್ಟ ಕೂಡಲೆ ಅವನು ಹಿಡಿಯಬೇಕು. ಬೇಗ ಹಿಡಿದರೆ ಬೆರಳು ಕೆಳಗಿನ ಚಿಕ್ಕ ಅಂಕಿಯ ಮೇಲೆ ನಿಲ್ಲುತ್ತದೆ, ತಡವಾದರೆ ಅಂಕಿ ದೊಡ್ಡದಾಗುತ್ತದೆ, ಇನ್ನೂ ತಡವಾದರೆ ಸ್ಕೇಲು ಕಾಲ ಮೇಲೆ. ಇವತ್ತು ಕಾಲ ಮೇಲೆ ಬಿತ್ತು. ನಿನ್ನೆಯೂ ಅಲ್ಲೇ ಬಿದ್ದಿತ್ತು, ಅದೇ ಹೆಬ್ಬೆಟ್ಟಿಗೆ. ‘ಇನ್ನೊಂದು ಸಲ’ ಎಂದ. ಅವಳು ಬಗ್ಗಿ ಸ್ಕೇಲು ಎತ್ತಿಕೊಂಡಳು. ಮತ್ತೆ ಬಿಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ಕೊನೆಯ ಅಂಕಿಯ ಹತ್ತಿರ ಹೇಗೋ ಚಿವುಟಿ ಹಿಡಿದ. ಅವಳು ಒಲೆಯ ಕಡೆ ತಿರುಗಿಕೊಂಡಳು. ತಿಂಗಳ ಮೊದಲ ಭಾಗದಲ್ಲಿ ಇದೇ ಬೆರಳುಗಳು ಹಲ್ಲಿ ನೊಣ ಹಿಡಿದ ಹಾಗೆ ಸ್ಕೇಲನ್ನು ಹಿಡಿಯುತ್ತಿದ್ದವು.

ಮಲಗುವ ಕೋಣೆಯ ಗೋಡೆಗೆ ಅಂಟಿಸಿದ ಚೌಕಳಿ ಕಾಗದದ ಮೇಲೆ ಇವತ್ತಿನ ಚುಕ್ಕೆ ಇಟ್ಟು, ನಿನ್ನೆಯ ಚುಕ್ಕೆಗೆ ಗೆರೆ ಎಳೆದ. ಗೆರೆ ತಿಂಗಳ ಅರ್ಧದವರೆಗೆ ತಗ್ಗಿನಲ್ಲಿ ಚೆನ್ನಾಗಿ ನಡೆದುಕೊಂಡು ಬಂದು, ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಎದ್ದು ಮೇಲೆ ಹೋಗಿತ್ತು. ಅಂದರೆ ಕೈ ನಿಧಾನವಾಗಿದೆ. ಕೈ ಎಂದರೆ ಕೈಯಲ್ಲ, ತಲೆ. ಕೈಗೆ ಹೇಳುವುದು ತಲೆಯೇ ತಾನೆ? ಹಾಗೆಂದು ಪತ್ರಿಕೆಯಲ್ಲಿ ಬರೆದಿತ್ತು. ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ವಿಜ್ಞಾನ ಪತ್ರಿಕೆ ಅದು. ವಾರಸುದಾರರು ಬರಲಿಲ್ಲವೆಂದು ಅವನೇ ಓದಿದ್ದ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ, ಬೇಕಾಗುವ ಸಾಮಗ್ರಿ ಒಂದು ಸ್ಕೇಲು ಮತ್ತು ಒಬ್ಬ ಸಹಾಯಕ. ಸ್ಕೇಲು ಮೇಜಿನ ಖಾನೆಯಲ್ಲಿ ಸಿಕ್ಕಿತು. ಸಹಾಯಕಳು ಆಗ ಬಟ್ಟೆ ಮಡಿಸುತ್ತಿದ್ದಳು.

ಅವಳಿಗೆ ಇದು ಹೊಸದಲ್ಲ. ಮದುವೆಯಾದ ವರ್ಷವೇ ಅವನು ಎಡಮಗ್ಗುಲಿಗೆ ಮಲಗಿದರೆ ಯಾವ ಕನಸು, ಬಲಮಗ್ಗುಲಿಗೆ ಮಲಗಿದರೆ ಯಾವ ಕನಸು ಎಂದು ನೋಡುತ್ತೇನೆಂದು ಹೇಳಿ, ಬೆಳಗಾಗುತ್ತಲೇ ಅವಳನ್ನು ಎಬ್ಬಿಸಿ, ‘ನಾನು ಈಗ ಯಾವ ಮಗ್ಗುಲಲ್ಲಿದ್ದೆ?’ ಎಂದು ಕೇಳಿದ್ದ. ಕ್ಷೌರಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ತೂಕ ನೋಡಿಕೊಂಡು, ತೂಕ ಹೆಚ್ಚಾದದ್ದನ್ನು ಕಂಡು ಗಾಬರಿಯಾಗಿದ್ದ. ಕ್ಷೌರಿಕ ಕೊಟ್ಟ ಚಹಾ ಲೆಕ್ಕಕ್ಕೆ ಬಂದಿರಲಿಲ್ಲ. ಒಂದು ಮಳೆಗಾಲ ಪೂರ್ತಿ ಸೀನು ಎಣಿಸಿದ. ಸೀನುವಾಗ ಎಣಿಕೆ ತಪ್ಪುತ್ತದೆಂದು ಅಮ್ಮನಿಗೆ ಎಣಿಸಲು ಹೇಳಿದ. ಅಮ್ಮನಿಗೆ ಕಿವಿ ಅಷ್ಟಕ್ಕಷ್ಟೆ. ಅವಳು ಪಕ್ಕದ ಮನೆಯವರ ಸೀನನ್ನೂ ಮಗನ ಖಾತೆಗೇ ಹಾಕಿದ್ದಳು. ಕಚೇರಿಯಲ್ಲಿ ಅವನಿಗೆ ‘ಮೀಟರ್’ ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಸಂಬಳದ ದಿನ ಗುಮಾಸ್ತೆಯೂ ಹಾಗೇ ಕೂಗುತ್ತಾಳೆ, ಅವನೂ ಓಗೊಡುತ್ತಾನೆ. ಅವನಿಗೆ ಇದರಿಂದ ಬೇಸರವೇನೂ ಇಲ್ಲ. ಅಳೆಯದೆ ಬದುಕುವವರನ್ನು ಕಂಡರೆ ಅವನಿಗೆ, ಕನ್ನಡಿ ನೋಡದೆ ತಲೆ ಬಾಚಿಕೊಂಡವರನ್ನು ಕಂಡ ಹಾಗೆ ಅನಿಸುತ್ತಿತ್ತು.

ಆದರೆ ಈ ಸಲದ್ದು ಆಟವಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಇಳಿಯುವಾಗ ಏನನ್ನೂ ಬಿಟ್ಟು ಇಳಿಯಬಾರದೆಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಹಿಡಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡ. ಪಕ್ಕದವನು ಇವನನ್ನು ಒಮ್ಮೆ ನೋಡಿ, ತನ್ನ ಚೀಲವನ್ನೂ ಭದ್ರವಾಗಿ ಹಿಡಿದುಕೊಂಡ. ಬಸ್ ಸಂಸ್ಥೆಯ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಕೆಲಸ ಮಾಡುವವನು ತಾನೇ ವಸ್ತು ಕಳೆದುಕೊಳ್ಳುವುದು ಅಂಥ ದೊಡ್ಡ ಸುದ್ದಿಯಲ್ಲ. ವೈದ್ಯರಿಗೆ ನೆಗಡಿ ಬರುವುದಿಲ್ಲವೆ? ಹೋದ ತಿಂಗಳು ಅವನು ಸ್ವೆಟರನ್ನು ಬಸ್ಸಿನಲ್ಲಿ ಬಿಟ್ಟು ಇಳಿದದ್ದು ಬೇಸರದ ವಿಷಯ, ಅಷ್ಟೆ. ಆದರೆ ಮಾರನೆಯ ದಿನ ಡಿಪೋದಿಂದ ಬಂದ ಮೂಟೆ ಬಿಚ್ಚಿ, ಒಂದೊಂದನ್ನೂ ಎತ್ತಿ, ನೋಡಿ, ಚೀಟಿ ಬರೆದು ಕಟ್ಟುವಾಗ, ಆ ಸ್ವೆಟರನ್ನೂ ಎತ್ತಿದ್ದ, ನೋಡಿದ್ದ, ಬೆಳಕಿಗೆ ಹಿಡಿದಿದ್ದ. ಚೀಟಿಯ ಮೇಲೆ ತನ್ನ ಗುಂಡನೆಯ ಅಕ್ಷರದಲ್ಲಿ ಬರೆದಿದ್ದ: ‘ಸ್ವೆಟರ್, ಗಂಡಸರದು, ಬೂದು ಬಣ್ಣ. ಕೈಹೆಣಿಗೆ. ಒಂದು ತೋಳು ತುಸು ಉದ್ದ. ಹೆಣಿಗೆ ಸಾಧಾರಣ.’ ಬರೆದು, ಕಟ್ಟಿ, ಕಪಾಟಿನಲ್ಲಿಟ್ಟು, ಮುಂದಿನದಕ್ಕೆ ಕೈಹಾಕಿದ್ದ. ಮುಂದಿನದು ಒಂದು ಜೊತೆ ಬೂಟು. ಅದರ ವಿವರವೂ ಅವನಿಗೆ ಈಗ ನೆನಪಿದೆ, ಅದೇ ವಿಚಿತ್ರ.

ಮೂರು ದಿನ ಆ ಸ್ವೆಟರು ಅವನ ಬೆನ್ನ ಹಿಂದೆಯೇ ಇತ್ತು. ನಾಲ್ಕನೆಯ ದಿನ ಕಚೇರಿಯ ಕಿಟಕಿ ಗಾಜು ಒಡೆದು, ಥಂಡಿ ಗಾಳಿ ಒಳಗೆ ನುಗ್ಗುತ್ತಿದ್ದಾಗ, ಪಕ್ಕದ ಮೇಜಿನ ಬೀಗದಕೈ (ಕಪಾಟುಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಝಣಝಣ ಎನ್ನುತ್ತ ಓಡಾಡುವ ಸಹೋದ್ಯೋಗಿಗೆ ಆ ಹೆಸರು) ಹೇಳಿದ್ದ: ‘ನಡುಗ್ತಾ ಯಾಕೆ ಕೂತಿದೀರಿ ಮೀಟರ್? ಆ ಬೂದು ಸ್ವೆಟರ್ ಹಾಕ್ಕೊಳಿ. ಯಾರೂ ಕೇಳ್ಕೊಂಡು ಬಂದಿಲ್ಲ. ಸಂಜೆ ವಾಪಸ್ ಇಟ್ರಾಯ್ತು.’ ಅದು ನಿಯಮಕ್ಕೆ ವಿರುದ್ಧ ಎಂದು ಅವನು ಹೇಳಿದ. ಆಮೇಲೆ ಹಾಕಿಕೊಂಡ. ತಲೆ ತೂರಿತು, ಬಲಗೈ ಬಂತು, ಎಡಗೈ ಆ ಉದ್ದದ ತೋಳಿನೊಳಗೆ ಹೋಗಿ ಸರಿಯಾಗಿ ಮಣಿಕಟ್ಟಿನ ಮೂಳೆಯ ಮೇಲೆ ನಿಂತಿತು. ‘ಹೇಳಿ ಹೆಣಿಸಿದ ಹಾಗಿದೆಯಲ್ರೀ!’ ಎಂದ ಬೀಗದಕೈ. ಆಗ ಗೊತ್ತಾಯಿತು. ಎರಡು ಗೊತ್ತಾಯಿತು. ಒಂದು, ಈ ಸ್ವೆಟರು ತನ್ನದು, ಹೆಂಡತಿ ಇಡೀ ಬೇಸಿಗೆ ಮೊಣಕಾಲ ಮೇಲೆ ಉಂಡೆ ಇಟ್ಟುಕೊಂಡು ಹೆಣೆದದ್ದು. ಇನ್ನೊಂದು, ತನ್ನ ಎಡಗೈ ಬಲಗೈಗಿಂತ ಉದ್ದ. ಊರಿನಲ್ಲಿರುವುದನ್ನೆಲ್ಲ ಅಳೆದವನಿಗೆ ಅದು ಗೊತ್ತಿರಲಿಲ್ಲ. ಅವಳು ಯಾವಾಗಲೋ ಅಂಗಿಯ ತೋಳು ಮಡಚಿಕೊಡುವಾಗ ನೋಡಿಕೊಂಡಿರಬೇಕು. ‘ಇದು ನನ್ನದೇ’ ಎಂದದ್ದಕ್ಕೆ ಬೀಗದಕೈ ನಕ್ಕ ನಗುವಿಗೆ ಪಕ್ಕದ ವಿಭಾಗದವರೂ ಎದ್ದು ಬಂದರು. ಸ್ವೆಟರು ಬಿಡಿಸಿಕೊಳ್ಳಲು ಅವನೇ ಅರ್ಜಿ ಬರೆದು, ಅವನೇ ವಿಚಾರಿಸಿ, ಅವನೇ ಒಪ್ಪಿಗೆ ಕೊಟ್ಟು, ಸಾಕ್ಷಿಗೆ ಬೀಗದಕೈಯ ಸಹಿ ಹಾಕಿಸಬೇಕಾಯಿತು. ‘ವಸ್ತು ನಿಮ್ಮದೇ ಎಂಬುದಕ್ಕೆ ಗುರುತು?’ ಎಂಬ ಸಾಲಿನ ಮುಂದೆ ಅವನು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ.

ಎಲ್ಲರೂ ನಕ್ಕರು ಎಂಬುದೇ ಅವನಿಗೆ ಭಯ ಹುಟ್ಟಿಸಿದ್ದು. ಅಪ್ಪನ ಕಾಲಕ್ಕೂ ಹೀಗೇ ಎಲ್ಲರೂ ನಕ್ಕಿದ್ದರು. ಅಪ್ಪ ಒಂದು ದಿನ ಒಳಗಿನಿಂದ ಎದ್ದು ಬಂದು, ಹೊಸ್ತಿಲಾಚೆ ಬಿಟ್ಟಿದ್ದ ತನ್ನದೇ ಚಪ್ಪಲಿ ನೋಡಿ, ದನಿ ತಗ್ಗಿಸಿ, ‘ಯಾರೋ ಬಂದಿರೋ ಹಾಗಿದೆ, ಯಾರು?’ ಎಂದು ಕೇಳಿದ್ದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇವನೂ ನಕ್ಕಿದ್ದ, ಎಲ್ಲರಿಗಿಂತ ಹೆಚ್ಚು, ಬಂದ ನೆಂಟರಿಗೆಲ್ಲ ಅದನ್ನು ನಟಿಸಿ ತೋರಿಸಿದ್ದ. ಅಪ್ಪನೂ ಜೊತೆಗೆ ನಗುತ್ತಿದ್ದ, ಏನು ಹಾಸ್ಯ ಎಂದು ಗೊತ್ತಿಲ್ಲದವರು ನಗುವ ಹಾಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ, ಕೆಲಸ ಮುಗಿಸಿ ಮನೆಗೆ ಬಂದ ಇವನನ್ನು ನೋಡಿ, ಕುರ್ಚಿಯಿಂದ ಅರ್ಧ ಎದ್ದು, ‘ಬನ್ನಿ, ಕೂತ್ಕೊಳಿ. ನೀವು ಯಾರ ಪೈಕಿ?’ ಎಂದು ಮರ್ಯಾದೆಯಿಂದ ವಿಚಾರಿಸುತ್ತಿದ್ದ. ಅಮ್ಮ ಒಳಗಿನಿಂದ ಕೂಗಿ ಹೇಳುತ್ತಿದ್ದಳು, ‘ನಮ್ಮ ಪೈಕೀನೇ! ಊಟ ಹಾಕ್ಬೇಕು ಅವನಿಗೆ!’ ಆ ಮರ್ಯಾದೆಯೇ ಇವನಿಗೆ ತಡೆಯಲಾಗುತ್ತಿರಲಿಲ್ಲ. ಜೀವಮಾನದಲ್ಲಿ ಅಪ್ಪ ಇವನಿಗೆ ‘ಕೂತ್ಕೊಳಿ’ ಎಂದದ್ದು ಆಗ ಮಾತ್ರ.

‘ಇಳೀರಿ ಸಾರ್, ಕೊನೇ ಸ್ಟಾಪು’ ಎಂದ ಕಂಡಕ್ಟರ್. ಇಳಿಯಬೇಕಾದ ನಿಲ್ದಾಣ ಹಿಂದೆ ಹೋಗಿತ್ತು. ಚೀಲ ಮಾತ್ರ ಕಳೆದಿರಲಿಲ್ಲ. ಬಿಚ್ಚಲು ಕಷ್ಟವಾಗುವಷ್ಟು ಗಟ್ಟಿಯಾಗಿ ಕೈಗೆ ಸುತ್ತಿಕೊಂಡಿತ್ತು. ನಡೆದುಕೊಂಡು ಹಿಂದೆ ಬರುವಾಗ, ಇದನ್ನು ಮರೆವು ಎನ್ನಬೇಕೋ ಯೋಚನೆ ಎನ್ನಬೇಕೋ ಎಂದು ತೀರ್ಮಾನಿಸಲಾಗದೆ, ಎರಡಕ್ಕೂ ಅರ್ಧರ್ಧ ಅಂಕ ಹಾಕಿಕೊಂಡ.

ಕಚೇರಿಯಲ್ಲಿ ಆಗಲೇ ಒಬ್ಬ ಮುದುಕರು ಬಂದು ಕಟ್ಟೆಗೆ ಮೊಣಕೈ ಊರಿ ನಿಂತಿದ್ದರು. ಕನ್ನಡಕ ಕಳೆದಿದೆಯಂತೆ. ಚೌಕಟ್ಟು ಕಪ್ಪು, ಎಡಗಡೆಯ ಕಡ್ಡಿಗೆ ದಾರ ಸುತ್ತಿದೆ, ಹೆಂಡತಿ ಸುತ್ತಿಕೊಟ್ಟದ್ದು ಎಂದು ವಿವರವಾಗಿ ಹೇಳುತ್ತಿದ್ದರು. ಹೇಳುತ್ತಿದ್ದ ಕನ್ನಡಕ, ದಾರದ ಸಮೇತ, ಅವರ ಹಣೆಯ ಮೇಲೇ ಇತ್ತು. ಬೀಗದಕೈ ಸೊಂಟದ ಗೊಂಚಲು ಅದುರುವ ಹಾಗೆ ಒಳಗೊಳಗೇ ನಗುತ್ತ ಗೋಡೆಯ ಕಡೆ ತಿರುಗಿದ. ಇವನಿಗೆ ನಗು ಬರಲಿಲ್ಲ. ಕಟ್ಟೆಯ ಮೇಲೆ ಬಗ್ಗಿ, ಯಾರಿಗೂ ಕೇಳದ ಹಾಗೆ, ‘ಎಷ್ಟು ದಿನದಿಂದ ಹೀಗೆ?’ ಎಂದು ಕೇಳಿದ. ‘ಏನು?’ ಎಂದರು ಮುದುಕರು. ‘ಮೊದಲು ಶುರುವಾದದ್ದು ಹೇಗೆ? ಚಪ್ಪಲಿ ಗುರುತು ಸಿಗುತ್ತಾ?’ ಮುದುಕರು ಇವನನ್ನು ದಿಟ್ಟಿಸಿ ನೋಡಲೆಂದು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. ಇಳಿಸಿಕೊಂಡಮೇಲೆ ಅದು ಸಿಕ್ಕಿತೆಂದು ಗೊತ್ತಾಯಿತು. ‘ಆಹಾ, ಇಲ್ಲೇ ಇದೆ ನೋಡಿ!’ ಎಂದು ಸಂತೋಷಪಟ್ಟು, ‘ನಿಮಗೆ ಮೈ ಹುಷಾರಿಲ್ವೇನಪ್ಪಾ?’ ಎಂದು ಕನಿಕರದಿಂದ ಕೇಳಿ ಹೊರಟುಹೋದರು. ಅವರು ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತಿದ್ದರು. ಅಷ್ಟು ಹಗುರಾಗಿ ಮರೆಯುವುದೂ ಒಂದು ವಿದ್ಯೆ ಇರಬೇಕು ಎನಿಸಿತು.

‘ಸ್ವೆಟರ್ ಎಲ್ಲಿ ಇವತ್ತು?’ ಎಂದ ಬೀಗದಕೈ, ನಗು ಇನ್ನೂ ಕಣ್ಣಂಚಿನಲ್ಲಿ ಇರುವಾಗಲೇ. ‘ಮತ್ತೆ ಬಸ್ಸಲ್ಲಿ ಬಿಟ್ರಾ? ನಮ್ಮನೆಯೋಳು ಇನ್ನೂ ನೆನೆಸ್ಕೊಂಡು ನಗ್ತಾಳೆ, ಮೀಟರ್. ಹೆಣಿಗೆ ಸಾಧಾರಣ! ಊಟಕ್ಕೆ ಕೂತಾಗೆಲ್ಲ ಹೇಳ್ತಾಳೆ, ಸಾರು ಸಾಧಾರಣ, ಪಲ್ಯ ಸಾಧಾರಣ ಅಂತ.’ ಇವನಿಗೆ ಕಿವಿ ಬಿಸಿಯಾಯಿತು. ನೋಡಿಲ್ಲದ ಹೆಂಗಸೊಬ್ಬಳು ಎಲ್ಲೋ ಊಟದ ತಟ್ಟೆ ಮುಂದೆ ತನ್ನನ್ನು ನೆನೆದು ನಗುತ್ತಿದ್ದಾಳೆ ಎಂಬುದು ಅವಮಾನವೇ. ಆದರೂ ಇವತ್ತು ಅದಕ್ಕೆ ಪುರುಸೊತ್ತಿರಲಿಲ್ಲ. ಇವತ್ತು ತಿಂಗಳ ಕೊನೆಯ ದಿನ. ಸಂಜೆ ಅಮ್ಮನ ಕಪಾಟಿನ ಬಾಗಿಲು ತೆಗೆಯಬೇಕು.

ಪ್ರಯೋಗ ಇಷ್ಟೇ. ಔಷಧಿ ಅಂಗಡಿಯಿಂದ ಅವನು ಜ್ಞಾಪಕಶಕ್ತಿಯ ಪುಡಿಯೊಂದನ್ನು ತಂದಿದ್ದ. ಸುಮ್ಮನೆ ಕುಡಿದು ‘ಚುರುಕಾದೆ’ ಎಂದುಕೊಳ್ಳುವವರ ಜಾತಿಗೆ ಸೇರಿದವನಲ್ಲ ಅವನು. ಒಂದು ಡಬ್ಬಿಯಲ್ಲಿ ಪುಡಿ, ಇನ್ನೊಂದರಲ್ಲಿ ಅದೇ ಬಣ್ಣಕ್ಕೆ ಹುರಿದ ಗೋಧಿ ಹಿಟ್ಟು. ದಿನಾ ಬೆಳಿಗ್ಗೆ ಹೆಂಡತಿ ಅಡುಗೆಮನೆಯಲ್ಲಿ ಗುಟ್ಟಾಗಿ ದಾಳ ಉರುಳಿಸಬೇಕು. ಸರಿ ಸಂಖ್ಯೆ ಬಿದ್ದರೆ ಹಾಲಿಗೆ ಪುಡಿ, ಬೆಸ ಬಿದ್ದರೆ ಹಿಟ್ಟು. ಯಾವುದು ಕುಡಿದೆನೆಂದು ಇವನಿಗೆ ಗೊತ್ತಾಗಬಾರದು. ಅವಳು ಅದನ್ನು ಅಮ್ಮನಿಗೆ ಹೇಳಬೇಕು. ಅಮ್ಮ ತನ್ನ ಕಪಾಟಿನ ಬಾಗಿಲ ಒಳಮೈಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಸರಿಗೆ ಸೊನ್ನೆ, ಬೆಸಕ್ಕೆ ಅಡ್ಡಗೀಟು ಹಾಕಬೇಕು. ಕೊನೆಗೆ ಗೋಡೆಯ ಗೆರೆಯನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸತ್ಯ ಹಾಲು ಬೇರೆ ನೀರು ಬೇರೆ ಆಗುತ್ತದೆ. ಇದಕ್ಕೆ ಪತ್ರಿಕೆಯವರು ಕಣ್ಣು ಕಟ್ಟಿದ ಪರೀಕ್ಷೆ ಎಂದು ಹೆಸರು ಕೊಟ್ಟಿದ್ದರು. ‘ಕಣ್ಕಟ್ಟು ವಿದ್ಯೆನಾ? ಸಂತೇಲಿ ಮಾಡ್ತಿದ್ರಲ್ಲ, ಮೊಲ ಮಾಯ ಮಾಡೋದು?’ ಎಂದು ಅಮ್ಮ ಉತ್ಸಾಹದಿಂದ ಕೇಳಿದ್ದಳು. ಹೆಂಡತಿ, ‘ಯಾಕೆ ರೀ ಇದೆಲ್ಲ?’ ಎಂದಿದ್ದಳು. ‘ಸುಮ್ನೆ, ಸಾಮಾನ್ಯ ಜ್ಞಾನಕ್ಕೆ’ ಎಂದಿದ್ದ. ಸ್ವೆಟರಿನ ವಿಷಯ ಹೇಳಿದರೆ ಚೀಟಿಯ ವಿಷಯ ಹೇಳಬೇಕು, ಚೀಟಿಯ ವಿಷಯ ಹೇಳಿದರೆ ಸಾಧಾರಣದ ವಿಷಯ ಹೇಳಬೇಕು. ಅದಕ್ಕಿಂತ ವಿಜ್ಞಾನವೇ ಸುಲಭ.

ಸಂಜೆ ಮನೆಗೆ ಬಂದಾಗ ಹೆಂಡತಿ ಅಂಗಡಿಗೆ ಹೋಗಿದ್ದಳು. ಅಮ್ಮ ಮಂಚದ ಮೇಲೆ ಕಾಲು ನೀಡಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಕೈಕಾಲು ತೊಳೆದುಕೊಂಡು, ಗೋಡೆಯಿಂದ ಚೌಕಳಿ ಕಾಗದ ಕಿತ್ತು ತಂದು, ಕಪಾಟಿನ ಬಾಗಿಲು ತೆರೆದ. ತಿಂಗಳ ಮೊದಲ ಭಾಗದಲ್ಲಿ ಸೊನ್ನೆಗಳೂ ಕೊನೆಯ ಭಾಗದಲ್ಲಿ ಗೀಟುಗಳೂ ಹೆಚ್ಚಾಗಿದ್ದರೆ ಅವನು ಬದುಕಿದ. ಪುಡಿ ಕೆಲಸ ಮಾಡುತ್ತದೆ, ಡಬ್ಬಿಗಟ್ಟಲೆ ತಂದು ಕುಡಿಯಬಹುದು. ಉಲ್ಟಾ ಆಗಿದ್ದರೆ, ಅಥವಾ ಕಲಸಿಕೊಂಡಿದ್ದರೆ, ಯಾವ ಪುಡಿಯೂ ನಾಟದ ತಲೆ ತನ್ನದು; ಅರ್ಧ ತಿಂಗಳಲ್ಲೇ ಇಷ್ಟು ಇಳಿದದ್ದು ಇನ್ನು ನಿಲ್ಲುವುದಿಲ್ಲ. ಬಾಗಿಲ ಒಳಗೆ ಕ್ಯಾಲೆಂಡರು ತೂಗುತ್ತಿತ್ತು. ಮೊದಲ ತಾರೀಕಿಗೆ ಸೊನ್ನೆ. ಎರಡಕ್ಕೆ ಸೊನ್ನೆ. ಮೂರಕ್ಕೆ, ನಾಲ್ಕಕ್ಕೆ, ವಾರಕ್ಕೆ, ಪೂರ್ತಿ ತಿಂಗಳಿಗೆ ಸೊನ್ನೆ. ಅಮ್ಮ ಒಂದೊಂದನ್ನೂ ಅಂದವಾಗಿ, ದುಂಡಗೆ, ಬಳೆಯ ಹಾಗೆ ಬರೆದಿದ್ದಳು. ಅಡ್ಡಗೀಟು ಒಂದೂ ಇಲ್ಲ.

ಇಡೀ ತಿಂಗಳು ದಾಳ ಸರಿಯೇ ಬಿದ್ದಿದೆ. ಅವನು ಮಂಚದ ಅಂಚಿಗೆ ಕುಸಿದ. ಹೀಗಾಗುವುದಕ್ಕೆ ಎಷ್ಟು ಕೋಟಿಗೊಂದು ಅವಕಾಶ ಎಂದು ಲೆಕ್ಕ ಹಾಕಲು ಹೋಗಿ, ಅಂಕಿ ಅಮ್ಮನ ಅವರೆಕಾಳಿನ ತಟ್ಟೆ ದಾಟಿ ಕೋಣೆ ತುಂಬಿದ ಹಾಗಾಗಿ ಬಿಟ್ಟುಬಿಟ್ಟ. ಜೀವನದಲ್ಲಿ ಮೊದಲ ಸಲ ಮೈ ಜುಂ ಎಂದಿತು. ಏನೋ ಇದೆ, ಮೇಲಿನಿಂದ ಯಾರೋ ಏನೋ ಹೇಳುತ್ತಿದ್ದಾರೆ, ‘ಸರಿ, ಸರಿ’ ಎನ್ನುತ್ತಿದ್ದಾರೆ ಎನಿಸಿತು. ಮರುಕ್ಷಣ ನಾಚಿಕೆಯಾಯಿತು. ದಾಳದಲ್ಲೇ ದೋಷವಿರಬೇಕು. ಅಡುಗೆಮನೆಗೆ ಓಡಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದ್ದ ದಾಳ ತೆಗೆದುಕೊಂಡು, ನೆಲದ ಮೇಲೆ ಮಂಡಿಯೂರಿ ಉರುಳಿಸತೊಡಗಿದ. ಐದು. ಒಂದು. ಮೂರು. ನಾಲ್ಕು. ಒಂದು. ದಾಳಕ್ಕೆ ಬೆಸ ಚೆನ್ನಾಗಿಯೇ ಬರುತ್ತಿತ್ತು. ಒಲೆಯ ಕೆಳಗೆ ಹೋದದ್ದನ್ನು ಹೊಟ್ಟೆಯ ಮೇಲೆ ಮಲಗಿ ಹುಡುಕುತ್ತಿದ್ದಾಗ ಬಾಗಿಲಲ್ಲಿ ಹೆಂಡತಿಯ ಕಾಲು ಕಾಣಿಸಿತು.

‘ಏನ್ರೀ ಅದು?’

‘ದಾಳ.’ ಅವನು ಮಲಗಿದಲ್ಲಿಂದಲೇ ಹೇಳಿದ. ‘ಒಂದು ತಿಂಗಳು ದಿನಾ ಸರಿನೇ ಬಿದ್ದಿದೆ ಕಣೆ. ಒಂದು ಸಲಾನೂ ಬೆಸ ಬಿದ್ದಿಲ್ಲ. ಇದು ಸಾಧ್ಯಾನೇ ಇಲ್ಲ.’

ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟಳು. ‘ಯಾರು ಹೇಳಿದ್ದು?’

‘ಅಮ್ಮ ಬರೆದಿದಾಳೆ.’

‘ನೀನೇ ಅಲ್ವೇನೇ ಹೇಳ್ತಿದ್ದಿದ್ದು?’ ಕೋಣೆಯಿಂದ ಅಮ್ಮನ ದನಿ ಬಂತು. ತನ್ನ ಹೆಸರು ಎಲ್ಲಿ ಬಂದರೂ ಅವಳ ಕಿವಿಗೆ ಬೀಳುತ್ತಿತ್ತು. ‘ದಿನಾ ನಾನು ಕೂಗಿ ಕೇಳ್ತಿದ್ದೆ, ಇವತ್ತಿಂದು ಹಾಕ್ಲಾ ಅಂತ. ಸರಿ ಅತ್ತೆ ಅಂತಿದ್ದೆ. ಸರಿ ಅಂದೆ, ಸರಿ ಹಾಕ್ದೆ. ನನ್ನ ಕಿವಿ ಕೆಟ್ಟಿರಬಹುದು, ಅಷ್ಟೊಂದು ಕೆಟ್ಟಿಲ್ಲ.’

‘ಅಯ್ಯೋ ಅತ್ತೆ, ನಾನು ಎಲ್ಲದಕ್ಕೂ ಸರಿ ಅತ್ತೆ ಅಂತಾನೇ ಅನ್ನೋದಲ್ವಾ? ಮದುವೆಯಾದಾಗಿಂದ ಅದನ್ನೇ ಅಂತಿದೀನಿ!’

‘ಹೌದು, ಅದಕ್ಕೇ ಸೊಸೆ ಬಹಳ ಒಳ್ಳೆಯವಳು ಅಂತ ಎಲ್ಲರ ಹತ್ರಾನೂ ಹೇಳ್ತೀನಿ’ ಎಂದಳು ಅಮ್ಮ.

ಅವನು ದಾಳ ಹಿಡಿದುಕೊಂಡು ಎದ್ದು ಕೂತ. ಅಂಗಿಗೆಲ್ಲ ಹಿಟ್ಟು. ‘ಆಯ್ತು. ಅಮ್ಮ ತಪ್ಪು ಬರೆದಳು. ನಿನಗೆ ನೆನಪಿರುತ್ತಲ್ಲ? ಯಾವ್ಯಾವ ದಿನ ಯಾವುದು ಬಿತ್ತು, ಸುಮಾರಾಗಿ ಹೇಳು ಸಾಕು.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಬೈಬಾರ್ದು.’

‘ಇಲ್ಲ.’

‘ದಾಳ ಹಾಕಿದ್ದು ಮೊದಲ ಎರಡು ದಿನ ಅಷ್ಟೆ. ಮೂರನೇ ದಿನ ನೋಡ್ತೀನಿ, ನಿಮ್ಮ ಜ್ಞಾಪಕಶಕ್ತಿ ಪುಡೀಲಿ ಹುಳ. ಇಷ್ಟಿಷ್ಟುದ್ದ. ಎಸೆದೆ. ನಿಮಗೆ ಹೇಳಿದ್ರೆ ಮುಖ ಸಣ್ಣ ಮಾಡ್ಕೊತೀರಿ ಅಂತ ದಿನಾ ಹಿಟ್ಟೇ ಹಾಕಿ ಕೊಟ್ಟೆ.’

ಅವನು ಒಂದು ತಿಂಗಳು ಹುರಿದ ಗೋಧಿ ಹಿಟ್ಟು ಕುಡಿದು, ಅದರ ಬಲವನ್ನು ಗೋಡೆಯ ಮೇಲೆ ಬರೆದಿದ್ದ. ಆದರೂ ತಲೆಯೊಳಗೆ ಒಂದು ಹುಳ ಉಳಿದಿತ್ತು. ‘ಹಾಗಾದ್ರೆ,’ ಎಂದ ನಿಧಾನವಾಗಿ, ಚೌಕಳಿ ಕಾಗದವನ್ನು ನೆಲದ ಮೇಲೆ ಬಿಡಿಸಿ, ‘ದಿನಾ ಹಿಟ್ಟೇ ಅಂದಮೇಲೆ ಗೆರೆ ಒಂದೇ ಸಮ ಇರಬೇಕಿತ್ತು. ಇಲ್ಲಿ ನೋಡು. ಇಲ್ಲಿವರೆಗೂ ಚೆನ್ನಾಗಿ ಹಿಡಿದಿದೀನಿ. ಇಲ್ಲಿಂದ ಏನಾಯ್ತು ನನಗೆ?’

ಅವಳು ಬಗ್ಗಿ, ಅವನ ಬೆರಳಿದ್ದ ಜಾಗವನ್ನು ನೋಡಿದಳು. ನೋಡಿದವಳು ಅವನ ಎದುರಿಗೇ ನೆಲದ ಮೇಲೆ ಕೂತುಬಿಟ್ಟಳು. ‘ನಿಮಗೇನೂ ಆಗಿಲ್ಲ. ಆ ದಿನ ತರಕಾರಿ ಅಂಗಡೀಲಿ ಬೀಗದಕೈಯೋರ ಹೆಂಡತಿ ಸಿಕ್ಕಿದ್ರು.’

ಅವನಿಗೆ ಆ ನೆಲದ ಮೇಲಿಂದ ಎದ್ದು ಹೋಗುವ ದಾರಿ ಯಾವುದೂ ಹೊಳೆಯಲಿಲ್ಲ.

‘ಅದಕ್ಕೆ ಮುಂಚೆ,’ ಅವಳು ಮುಂದುವರಿಸಿದಳು, ‘ಸ್ಕೇಲು ಬಿಡೋಕೆ ಮೊದಲು ನಾನು ಹುಬ್ಬು ಹಾರಿಸ್ತಿದ್ದೆ. ನಿಮಗೇ ಗೊತ್ತಿಲ್ಲದ ಹಾಗೆ ನೀವದನ್ನ ನೋಡಿ ಹಿಡೀತಿದ್ರಿ. ಬೆಳಿಗ್ಗೆ ಎದ್ದು, ಪರೀಕ್ಷೆಗೆ ಬಂದ ಹುಡುಗನ ಥರ ಮುಖ ಮಾಡ್ಕೊಂಡು ಬಂದು ನಿಲ್ತಿದ್ರಲ್ಲ, ಫೇಲ್ ಮಾಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ? ಆಮೇಲೆ ಹುಬ್ಬು ಹಾರಿಸೋದು ನಿಲ್ಲಿಸ್ದೆ.’

ಹದಿನೈದು ದಿನದ ಅವಳ ಮುನಿಸನ್ನು ಅವನು ದಿನಾ ಬೆಳಿಗ್ಗೆ ಚುಕ್ಕೆ ಇಟ್ಟು, ಗೆರೆ ಎಳೆದು, ಹಾಸಿಗೆಯ ಎದುರಿಗೇ ಅಂಟಿಸಿಕೊಂಡು ಮಲಗಿದ್ದ. ಅದನ್ನು ತನ್ನ ಮಿದುಳು ಎಂದು ತಿಳಿದಿದ್ದ. ‘ಬಸ್ಸಲ್ಲಿ ಮರೆತದ್ದು ತಪ್ಪೇ ಕಣೆ’ ಎಂದ.

‘ಮರೆತದ್ದಕ್ಕಲ್ಲ ರೀ. ಮರೀರಿ, ಯಾರು ಮರೆಯಲ್ಲ? ನಿಮ್ಮದು ಅಂತ ಗೊತ್ತಿದ್ದಾಗ ಏನಂದಿದ್ರಿ? ಬಹಳ ಚೆನ್ನಾಗಿದೆ, ಅಂಗಡೀಲೂ ಹೀಗೆ ಸಿಗಲ್ಲ ಅಂತ. ಯಾರದ್ದು ಅಂತ ಗೊತ್ತಿಲ್ಲದಾಗ ಏನಂದ್ರಿ? ಸಾಧಾರಣ ಅಂತ.’ ಅವಳ ದನಿ ನಡುಗಿತು, ಅಳುವಿಗೋ ನಗುವಿಗೋ ಅವನಿಗೆ ತಿಳಿಯಲಿಲ್ಲ. ‘ಕಣ್ಣು ಕಟ್ಟಿದ ಪರೀಕ್ಷೆ ಅಂತೀರಲ್ಲ. ಇಷ್ಟು ವರ್ಷದಲ್ಲಿ ನೀವು ಸರಿಯಾಗಿ ಮಾಡಿದ್ದು ಅದೊಂದೇ.’

ಪರೀಕ್ಷೆಯಲ್ಲಿ ಒಂದು ಲೋಪವೂ ಅವನಿಗೆ ಸಿಗಲಿಲ್ಲ. ಆಗ ಅವನ ಬಾಯಿಂದ, ಹೇಳಬಾರದೆಂದು ಇಟ್ಟುಕೊಂಡಿದ್ದು ತಾನಾಗಿಯೇ ಬಂತು. ‘ನನಗೆ ಹೆದರಿಕೆ ಕಣೆ. ಅಪ್ಪ ಚಪ್ಪಲಿ ನೋಡಿ ಯಾರು ಬಂದಿದಾರೆ ಅಂದ್ರಲ್ಲ, ಹಾಗೇ ಆಯ್ತು ನನಗೆ. ಅದನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡ್ದೆ. ಒಂದು ಚೂರೂ ಗುರುತು ಸಿಗಲಿಲ್ಲ. ಇವತ್ತು ಸ್ವೆಟರ್, ನಾಳೆ...’ ಅವಳ ಮುಖದ ಕಡೆ ನೋಡಿ, ನೋಡಲಾಗದೆ, ದಾಳದ ಚುಕ್ಕೆಗಳನ್ನು ಎಣಿಸಿದ.

‘ಸಾಮಾನ್ಯ ಜ್ಞಾನಕ್ಕೆ ಅಂದಿದ್ರಿ’ ಎಂದಳು ಅವಳು, ಮೆಲ್ಲಗೆ.

‘ಸುಳ್ಳು ಹೇಳ್ದೆ. ಈಗ ನನ್ನ ತಲೆ ನೆಟ್ಟಗಿದೆಯೋ ಇಲ್ವೋ ಗೊತ್ತಾಗೋದು ಹೇಗೆ? ಪುಡೀಲಿ ಹುಳ, ಕ್ಯಾಲೆಂಡರು ಸುಳ್ಳು, ಸ್ಕೇಲು ನಿನ್ನ ಹುಬ್ಬು.’

‘ಗೊತ್ತಾಗಲ್ಲ’ ಎಂದಳು ಅವಳು. ಅವನ ಅಂಗಿಯ ತೋಳಿಗೆ ಅಂಟಿದ್ದ ಹಿಟ್ಟನ್ನು, ಎಡಗೈಯದನ್ನು, ಕೊಡವಿದಳು. ‘ಯಾವತ್ತೋ ಒಂದು ದಿನ ನೀವು ಅರ್ಧ ಎದ್ದು ನಿಂತು, ಬನ್ನಿ, ಕೂತ್ಕೊಳಿ, ನೀವು ಯಾರ ಪೈಕಿ ಅಂತ ಕೇಳಿದ್ರೆ, ಸಾಧಾರಣ ಹೆಣಿಗೆಯೋರ ಪೈಕಿ ಅಂತ ಹೇಳಿ ಕೂತ್ಕೊತೀನಿ. ನೀವು ಕೂತ್ಕೊಳಿ ಅಂದಿರ್ತೀರಲ್ಲ. ಅಷ್ಟು ಸಾಕು.’

ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಬಂತೆಂದು ಗಮನಿಸಲು ಮರೆತುಹೋಯಿತು.

ಮಾರನೆಯ ಬೆಳಿಗ್ಗೆ ಸ್ವೆಟರು ಹಾಕಿಕೊಂಡು ಅಡುಗೆಮನೆಗೆ ಬಂದಾಗ ಹಾಲಿನ ಲೋಟ ಕಟ್ಟೆಯ ಮೇಲಿತ್ತು. ಬರೀ ಹಾಲು. ಮಲಗುವ ಕೋಣೆಯಲ್ಲಿ ಗೋಡೆಯ ಕಾಗದ ಕಿತ್ತ ಜಾಗದಲ್ಲಿ ಅಂಟಿನ ನಾಲ್ಕು ಕಲೆಗಳಷ್ಟೇ ಉಳಿದಿದ್ದವು. ಇನ್ನು ನಿಲ್ಲುವ ಕಾರಣವೇನೂ ಇರಲಿಲ್ಲ. ಆದರೂ ಕಾಲು ಅಭ್ಯಾಸಕ್ಕೆ ಬಾಗಿಲಲ್ಲಿ ನಿಂತಿತು. ಅವಳು ಕೈ ಒರೆಸಿಕೊಂಡು, ಖಾನೆಯಿಂದ ಸ್ಕೇಲು ತೆಗೆದು, ಮೇಲ್ತುದಿ ಹಿಡಿದು ಅವನೆದುರು ತೂಗುಬಿಟ್ಟಳು. ‘ಹಿಡೀತೀರಾ?’ ಎಂದಳು. ಹಾಗೆ ಮೊದಲೇ ಕೇಳುವುದು ನಿಯಮಕ್ಕೆ ವಿರುದ್ಧ. ಅವನು ಬೆರಳು ಅಗಲಿಸಿದ. ಸ್ಕೇಲಿನ ಅಂಕಿಗಳ ಕಡೆ ನೋಡಬೇಕಿತ್ತು. ಈ ಸಲ ಮುಖ ಎತ್ತಿ ಅವಳ ಹುಬ್ಬನ್ನೇ ನೋಡಿದ. ಎಡಗಡೆಯದು ಬಲಗಡೆಯದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಇಷ್ಟು ವರ್ಷ ಅದೂ ಗೊತ್ತಿರಲಿಲ್ಲ. ನೋಡುತ್ತಿದ್ದ ಹಾಗೆ ಅದು ಇನ್ನಷ್ಟು ಮೇಲೆ ಹೋಯಿತು, ಹೋಗಿ ಅಲ್ಲೇ ನಿಂತಿತು, ಅವನು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದ, ಸ್ಕೇಲು ಅವನ ಬೆರಳುಗಳ ನಡುವೆಯೇ ಹಾದು ಕಾಲಿನ ಹೆಬ್ಬೆಟ್ಟಿನ ಮೇಲೆ ಬಿತ್ತು.

‘ಏನೇ ಅದು ಸದ್ದು?’ ಕೋಣೆಯಿಂದ ಅಮ್ಮ ಕೂಗಿದಳು. ‘ಇವತ್ತಿಂದು ಹಾಕ್ಲಾ?’

ಹೆಂಡತಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ‘ಸರಿ ಅತ್ತೆ’ ಎಂದಳು.

ಕಪಾಟಿನ ಬಾಗಿಲು ಕಿರ್ ಎಂದಿತು. ಅಮ್ಮ ಹೊಸ ತಿಂಗಳ ಹಾಳೆ ತಿರುವಿ, ಮೊದಲ ತಾರೀಕಿಗೆ ಸೊನ್ನೆ ಬರೆದಳು.